ಬಸುರಿಗೆ ಹೇಳದ ಸುದ್ದಿ

ನಾಗರಕೋಯಿಲ್ ಕಡೆಯ ನಮ್ಮ ಕಡಲತೀರದಲ್ಲಿ ಬಸುರಿ ಹೆಂಗಸಿಗೆ ಸಾವಿನ ಸುದ್ದಿ ಹೇಳುವುದಿಲ್ಲ. ಹೆತ್ತ ತಾಯಿಯೇ ತೀರಿಕೊಂಡಿದ್ದರೂ ಹೇಳುವುದಿಲ್ಲ. ಹೆರಿಗೆಯಾಗಿ, ಬಾಣಂತಿ ಎದ್ದು ಓಡಾಡುವಂತಾದ ಮೇಲೆ ಯಾರಾದರೂ ಹಿರಿಯರು ಪಕ್ಕದಲ್ಲಿ ಕೂತು ಮೆಲ್ಲಗೆ ತಿಳಿಸುತ್ತಾರೆ. ಹೊಟ್ಟೆಯೊಳಗಿನ ಕೂಸಿಗೆ ಸಾವಿನ ಮಾತು ತಾಗಬಾರದು ಅಂತ. ಕೇಳುವುದಕ್ಕೆ ಎಷ್ಟು ಚಂದ! ನಾನು ಸೆಲಿನ್, ಮೀನು ಮಾರುವವಳು; ನಾನು ಬಾಯಿ ಬಿಟ್ಟರೆ ಸಂತೆಯೇ ತಿರುಗಿ ನೋಡುತ್ತದೆ ಅಂತ ಊರೆಲ್ಲ ಆಡಿಕೊಳ್ಳುತ್ತದೆ. ಅಂಥ ನಾನೂ ಬಸುರಿಯರ ಮುಂದೆ ಬಾಯಿಗೆ ಬೀಗ ಹಾಕಿಕೊಂಡೇ ಬಂದವಳು.

ಆ ವರ್ಷ ನವೆಂಬರ್ ಕೊನೆಯಲ್ಲಿ ಚಂಡಮಾರುತ ಎದ್ದಿತು. ನನ್ನ ಗಂಡ ಎಡ್ವಿನ್ ಜ್ವರ ಬಂದು ಮನೆಯಲ್ಲಿ ಮಲಗಿದ್ದ. ಅವನ ತಮ್ಮ ಕ್ಲೀಟಸ್ ದೋಣಿಯಲ್ಲಿ ಹೋಗಿದ್ದ. ಕ್ಲೀಟಸನ ಹೆಂಡತಿ ಶೈನಿಗೆ ಆಗ ಆರು ತಿಂಗಳು. ವರಸೆಯಲ್ಲಿ ನನ್ನ ವಾರಗಿತ್ತಿ, ಆದರೆ ತಂಗಿಯಂತೆಯೇ ಇದ್ದವಳು. ನನ್ನ ಎದುರು ನಿಂತು ಜಗಳವಾಡುವ ಧೈರ್ಯ ಆ ಮನೆಯಲ್ಲಿ ಅವಳೊಬ್ಬಳಿಗೇ ಇತ್ತು. "ಅಕ್ಕಾ, ನಿಮ್ಮ ಬಾಯಿಗೆ ಹೆದರಿ ಮೀನೇ ಬಂದು ಬಲೆಗೆ ಬೀಳ್ತವಂತೆ, ನಿಮ್ಮ ಮೈದುನ ಹೇಳ್ತಿದ್ರು," ಅಂತ ನನ್ನನ್ನು ರೇಗಿಸುತ್ತಿದ್ದಳು.

ಗಾಳಿ ನಿಂತ ಮೇಲೆ ಕೆಲವರು ಬಂದರು, ಹಲವರು ಬರಲಿಲ್ಲ. ಕ್ಲೀಟಸನ ದೋಣಿಯಿಂದ ಜೆಲಸ್ಟಿನ್ ಒಬ್ಬನೇ ಬಂದ. ಬೇರೆ ಊರಿನ ದೋಣಿಯವರು ಅವನನ್ನು ಎತ್ತಿಕೊಂಡು ಬಂದಿದ್ದರು. ಚರ್ಚಿನ ಹಿಂದೆ, ಬಲೆ ಹೆಣೆಯುವ ಚಪ್ಪರದಲ್ಲಿ ಅವನನ್ನು ಕೂರಿಸಿ ಅತ್ತೆ, ಎಡ್ವಿನ್, ನಾನು ಮೂವರೂ ಎದುರು ನಿಂತಿದ್ದೆವು. ಉಪ್ಪು ನೀರಿಗೆ ಅವನ ತುಟಿಯೆಲ್ಲ ಒಡೆದಿತ್ತು.

"ಕವುಚಿದ ದೋಣಿ ಬೆನ್ನು ಹಿಡ್ಕೊಂಡೇ ಇದ್ವಿ ಅಮ್ಮಾ. ಕೊನೇ ದಿನ ಬೆಳಿಗ್ಗೆ ಕ್ಲೀಟಸನ ಕೈ ಬಿಟ್ಟುಹೋಯ್ತು. ನಾನು ಕಣ್ಣಾರೆ ನೋಡ್ದೆ. ಕೂಗ್ದೆ. ಮತ್ತೆ ಮೇಲೆ ಬರ್ಲಿಲ್ಲ," ಅಂದ.

ನಮ್ಮ ಅತ್ತೆ ಫಿಲೋಮಿ, ಕ್ಲೀಟಸನನ್ನು ಹೆತ್ತವರು, ಅಳಲಿಲ್ಲ. ಸೆರಗನ್ನು ಬಾಯಿಗೆ ಒತ್ತಿ ಹಿಡಿದು ನಿಂತರು. ಆಮೇಲೆ ಸೆರಗು ತೆಗೆದು ಕೇಳಿದರು: "ನೀನು ಬಂದಿದ್ದನ್ನ ಶೈನಿ ನೋಡಿದ್ಲಾ?"

"ಇಲ್ಲಮ್ಮ."

"ಹಾಗಾದ್ರೆ ನೀನು ಬಂದೇ ಇಲ್ಲ. ತಿಳೀತಾ? ನಿನ್ನ ಹೆಂಡ್ತಿ ತವರಿಗೆ ಹೋಗಿ ಇರು. ಅವಳ ಹೆರಿಗೆ ಆಗೋವರೆಗೂ ನಮ್ಮ ಬೀದಿಗೆ ಕಾಲಿಡಬೇಡ."

ಬೀದಿಯ ಹೆಂಗಸರನ್ನೆಲ್ಲ ಅತ್ತೆ ಒಬ್ಬೊಬ್ಬರಾಗಿ ಕರೆದು ಚರ್ಚಿನ ದೇವಮಾತೆಯ ಪ್ರತಿಮೆಯ ಮುಂದೆ ಆಣೆ ಹಾಕಿಸಿದರು. ಫಾದರ್ ಹತ್ತಿರ ಹೋಗಿ, ಕ್ಲೀಟಸನಿಗೆ ಸಾವಿನ ಗಂಟೆ ಬಾರಿಸಬೇಡಿ, ಚರ್ಚಿನ ಬಲಿಪೂಜೆಯಲ್ಲಿ ಸತ್ತವರ ಜೊತೆ ಅವನ ಹೆಸರು ಓದಬೇಡಿ ಅಂದರು. ಕೆಲವು ದೋಣಿಗಳು ತೇಲಿಕೊಂಡು ದೂರದ ರತ್ನಗಿರಿ ಕಡೆ ದಡ ಸೇರಿದ್ದು ನಿಜವಾಗಿತ್ತು. ಕ್ಲೀಟಸನೂ ಅಲ್ಲೇ ಇದ್ದಾನೆ ಅಂತ ಮನೆಯಲ್ಲಿ ಹೇಳಿದ್ದಾಯಿತು.

"ಫೋನ್ ಯಾಕೆ ಮಾಡ್ತಿಲ್ಲ?" ಅಂತ ಶೈನಿ ಕೇಳುವುದಕ್ಕೆ ಶುರು ಮಾಡಿದಳು. ಬೆಳಿಗ್ಗೆ ಕೇಳಿದಳು, ಮಧ್ಯಾಹ್ನ ಕೇಳಿದಳು, ಊಟಕ್ಕೆ ಕೂತು ತುತ್ತು ಕೈಯಲ್ಲಿ ಹಿಡಿದೇ ಕೇಳಿದಳು. ಅಣ್ಣ ತಮ್ಮಂದಿರ ದನಿ ಒಂದೇ ಥರ. ಚಿಕ್ಕಂದಿನಿಂದ ಎಲ್ಲರೂ ಹೇಳುತ್ತಿದ್ದ ಮಾತೇ. ಅತ್ತೆಯ ಕಣ್ಣು ನನ್ನ ಗಂಡನ ಮೇಲೆ ಬಿತ್ತು.

ಫೋನು ಬಂದಾಗ ನಾನೇ ಎತ್ತಿದೆ. ಗೊತ್ತಿಲ್ಲದ ನಂಬರು. ಎಲ್ಲರಿಗೂ ಕೇಳುವ ಹಾಗೆ ಜೋರು ಮಾಡಿಡು ಅಂತ ಅತ್ತೆ ಮೊದಲೇ ಹೇಳಿದ್ದರು.

"ಹಲೋ ಅತ್ತಿಗೆ, ನಾನು."

ನನ್ನ ಗಂಡ ನನ್ನನ್ನು ಅತ್ತಿಗೆ ಅಂದ. ಅಷ್ಟರಲ್ಲಿ ಶೈನಿ ಫೋನು ಕಿತ್ತುಕೊಂಡಿದ್ದಳು.

"ರೀ, ಎಲ್ಲಿದ್ದೀರಿ? ಯಾಕ್ರೀ ಫೋನೇ ಇಲ್ಲ?"

"ರತ್ನಗಿರಿ ಹತ್ರ. ನನ್ನ ಫೋನು ನೀರಿಗೆ ಬಿತ್ತು ಕಣೆ. ಇಂಜಿನ್ ರಿಪೇರಿಗೆ ಬಿಟ್ಟಿದೀವಿ. ಕ್ರಿಸ್‌ಮಸ್ ಹೊತ್ತಿಗೆ ಬಂದ್ಬಿಡ್ತೀನಿ."

"ಊಟ?"

"ಚಪಾತಿ ಕೊಡ್ತಾರೆ."

ಶೈನಿಯ ಕೈ ಹೊಟ್ಟೆಯ ಮೇಲಿತ್ತು.

"ಕಾಲಿನ ಗಾಯ ಹೇಗಿದೆ?"

ಆ ಕಡೆ ಬರೀ ಗಾಳಿಯ ಸದ್ದು. ಆಮೇಲೆ ಎಡ್ವಿನ್ ಹೇಳಿದ: "ಅದಾ? ಒಣಗಿದೆ. ಈಗ ಏನೂ ಇಲ್ಲ."

"ಸರಿ. ಹುಷಾರಾಗಿರಿ," ಅಂದಳು ಶೈನಿ. ಫೋನನ್ನು ತಾನಾಗಿಯೇ ನನ್ನ ಕೈಗೆ ಕೊಟ್ಟಳು.

"ನೋಡಿದ್ಯಾ ಮಗಳೇ? ನೀನಿಲ್ಲಿ ಸೊರಗ್ತಿದೀಯ, ನಿನ್ನ ಗಂಡ ಅಲ್ಲಿ ಚಪಾತಿ ತಿಂದು ಉಬ್ಬಿಕೊಂಡು ಬರ್ತಾನೆ," ಅಂತ ಅತ್ತೆ ನಕ್ಕರು. ಶೈನಿಯೂ ನಕ್ಕಳು. ಆ ಎರಡು ನಗುವಿನ ನಡುವೆ ನಾನು ನಿಂತಿದ್ದೆ. ಓಡಿಹೋಗಬೇಕು ಅನ್ನಿಸಿತು.

ಎಡ್ವಿನ್ ಚರ್ಚಿನ ಹಿಂದೆ ದೋಣಿಯ ನೆರಳಲ್ಲಿ ತಲೆ ಬಗ್ಗಿಸಿ ಕೂತಿದ್ದ.

"ಯಾವ ಗಾಯ ಅದು?" ಅಂತ ಕೇಳಿದೆ.

"ನನಗೇನು ಗೊತ್ತು? ಅವಳು ಕೇಳಿದ್ಲು, ಒಣಗಿದೆ ಅಂದೆ."

"ಅಯ್ಯೋ ಪುಣ್ಯಾತ್ಮಾ, ನಿನ್ನ ತಮ್ಮನ ಕಾಲಿಗೆ ಯಾವ ಗಾಯಾನೂ ಆಗಿರ್ಲಿಲ್ಲ!"

ಅವನು ಮುಖ ಎತ್ತಿ ನನ್ನನ್ನು ನೋಡಿದ. ಇಬ್ಬರಿಗೂ ಅರ್ಥವಾಯಿತು. ಸೀದಾ ಅತ್ತೆಯ ಹತ್ತಿರ ಹೋಗಿ ಹೇಳಿದೆ. ಅವರು ಮರಗೆಣಸು ಹೆಚ್ಚುತ್ತಿದ್ದರು. ಕತ್ತಿ ನಿಲ್ಲಲಿಲ್ಲ.

"ಅನುಮಾನ ಬಂದಿರಬಹುದು. ಬರ್ಲಿ. ಅನುಮಾನಕ್ಕೆ ಯಾವ ಕೂಸೂ ಸತ್ತಿಲ್ಲ," ಅಂದರು.

"ಅತ್ತೆ, ಅವಳು ಒಳಗೊಳಗೇ ಬೇಯ್ತಿದಾಳೆ."

"ನಿನಗೇನು ಗೊತ್ತೇ? ಎಡ್ವಿನ್ ಆದ್ಮೇಲೆ ನಂಗೊಂದು ಹೊಟ್ಟೇಲೇ ಹೋಯ್ತು. ಬಾವಿ ಹತ್ರ ನೀರು ಸೇದ್ತಿದ್ದೆ. ಯಾರೋ ಒಬ್ಬಳು ದಾರೀಲಿ ನಿಂತು, ನಿಮ್ಮಪ್ಪ ಹೋಗ್ಬಿಟ್ರು ಅಂತ ಕೂಗಿದ್ಲು. ಸಾಯಂಕಾಲದೊಳಗೆ ಎಲ್ಲಾ ಮುಗೀತು. ಕ್ಲೀಟಸನ್ನಂತೂ ಕಡಲಿಗೆ ಕೊಟ್ಟೆ, ಅವನ ಕೂಸನ್ನ ಕೊಡಲ್ಲ. ಬಾಯಿ ಮುಚ್ಕೊಂಡಿರು."

ಬಾಯಿ ಮುಚ್ಚಿಕೊಂಡೆ. ಡಿಸೆಂಬರ್ ಬಂತು. ನಮ್ಮ ಬೀದಿಯಲ್ಲಿ ಸಾವಾದ ಮನೆಗಳಲ್ಲಿ ಆ ಸಲ ಯಾರೂ ಬಾಗಿಲಿಗೆ ಕ್ರಿಸ್‌ಮಸ್ಸಿನ ಕಾಗದದ ನಕ್ಷತ್ರ ಕಟ್ಟಲಿಲ್ಲ. ಸಾಲಿಗೆ ಸಾಲು ಕತ್ತಲೆ. ನಮ್ಮ ಮನೆಗೆ ಮಾತ್ರ ಅತ್ತೆ ಹಠ ಹಿಡಿದು ಕಟ್ಟಿಸಿದರು. ನಮ್ಮಲ್ಲಿ ಯಾರೂ ಸತ್ತಿಲ್ಲವಲ್ಲ! ಸಂಜೆಯಾದರೆ ಕೆಂಪು ದೀಪ ಹತ್ತುತ್ತಿತ್ತು, ಎದುರು ಮನೆಯ ವಿಧವೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. ನನಗೆ ಆ ನಕ್ಷತ್ರವನ್ನು ಕಿತ್ತು ಸಮುದ್ರಕ್ಕೆ ಎಸೆಯುವಷ್ಟು ಸಿಟ್ಟು ಬರುತ್ತಿತ್ತು.

ಶೈನಿ ಹೇಳಿದ್ದೆಲ್ಲ ಮಾಡುತ್ತಿದ್ದಳು. ತಿನ್ನು ಅಂದರೆ ತಿನ್ನುತ್ತಿದ್ದಳು, ಮಲಗು ಅಂದರೆ ಮಲಗುತ್ತಿದ್ದಳು. ಆದರೆ ಹಗಲು ಮಲಗಿದಾಗಲೂ ಕಣ್ಣು ಸೂರಿನಲ್ಲೇ ಇರುತ್ತಿತ್ತು. ಬೀದಿಯಲ್ಲಿ ಬೈಕ್ ನಿಂತರೆ ಕೈಯಲ್ಲಿದ್ದ ಲೋಟ ಬೀಳುತ್ತಿತ್ತು. ಅತ್ತೆ ನಗುನಗುತ್ತ ಮೀನು ಸಾರು ಬಡಿಸುವಾಗ ಅವಳು ತಟ್ಟೆ ನೋಡುತ್ತಿರಲಿಲ್ಲ, ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ನನ್ನ ಜೊತೆ ಜಗಳವಾಡುವುದನ್ನು ಪೂರ್ತಿ ಬಿಟ್ಟುಬಿಟ್ಟಳು. ಬೇಕಂತಲೇ ಒಂದು ದಿನ ಕೆಣಕಿದೆ. "ಹೌದಕ್ಕಾ," ಅಂದು ಸುಮ್ಮನಾದಳು.

ಕ್ರಿಸ್‌ಮಸ್ ಬಂತು, ಹೋಯಿತು. ಕ್ಲೀಟಸ್ ಯಾಕೆ ಬರಲಿಲ್ಲ ಅಂತ ಅವಳು ಕೇಳಲೇ ಇಲ್ಲ. ನನಗೆ ನಿಜವಾದ ಹೆದರಿಕೆ ಹುಟ್ಟಿದ್ದು ಆಗ.

ಹೊಸ ವರ್ಷದ ಮೊದಲ ವಾರ ಅವಳನ್ನು ನಾಗರಕೋಯಿಲಿಗೆ ಪರೀಕ್ಷೆಗೆ ಕರೆದುಕೊಂಡು ಹೋದೆ. ಡಾಕ್ಟರ್ ಉಮಯಾಳ್ ಹೊಟ್ಟೆ ಅಳೆದರು, ಸ್ಕ್ಯಾನ್ ಮಾಡಿದರು, ರಕ್ತದೊತ್ತಡ ನೋಡಿದರು, ಇನ್ನೊಮ್ಮೆ ನೋಡಿದರು. ಶೈನಿಯನ್ನು ನರ್ಸ್ ಜೊತೆ ಹೊರಗೆ ಕಳಿಸಿ ಬಾಗಿಲು ಹಾಕಿದರು.

"ಕಳೆದ ಸಲಕ್ಕಿಂತ ಮಗು ಬೆಳೆದೇ ಇಲ್ಲ ಅನ್ನಬಹುದು. ಬಿಪಿ ಬೇರೆ ಏರಿದೆ. ಮನೇಲಿ ಏನಮ್ಮಾ ನಡೀತಿದೆ?"

ಆಣೆ ಗೀಣೆ ಎಲ್ಲ ಆ ಹೊತ್ತಿಗೆ ಮರೆತೇಹೋಯಿತು. ಎಲ್ಲವನ್ನೂ ಹೇಳಿಬಿಟ್ಟೆ. ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು.

"ನೋಡಿ, ತಾಯಿ ಒಂದು ಗಳಿಗೆ ಹೆದರಿದ್ರೆ ಮಗುಗೆ ಏನೂ ಆಗಲ್ಲ. ವಾರಗಟ್ಟಲೆ ಹೆದರ್ಕೊಂಡೇ ಇದ್ರೆ ಬೇರೆ. ಆ ಹೆದರಿಕೆಗೆ ಅವಳ ಮೈಯಲ್ಲಿ ಏನೇನು ಹುಟ್ಟುತ್ತೋ ಅದರಲ್ಲಿ ಸ್ವಲ್ಪ ಮಗುಗೂ ಹೋಗುತ್ತೆ. ಕಾಯಿಲೆ ಜೊತೆ ಹೋರಾಡೋ ಶಕ್ತಿ ಮಗುವಿನ ಮೈಯಲ್ಲಿ ತಯಾರಾಗ್ತಾ ಇರೋ ಸಮಯ ಇದು. ಇಂಥ ಮಕ್ಕಳಲ್ಲಿ ಪದೇ ಪದೇ ಜ್ವರ, ಕೆಮ್ಮು, ಉಬ್ಬಸ ಸ್ವಲ್ಪ ಹೆಚ್ಚು ಕಾಣುತ್ತೆ. ಎಲ್ಲರಿಗೂ ಬರುತ್ತೆ ಅಂತಲ್ಲ."

"ಹಾಗಾದ್ರೆ ಹೇಳಿಬಿಡ್ಲಾ ಡಾಕ್ಟ್ರಮ್ಮಾ?"

"ಹೇಳಿದ್ರೂ ಆಘಾತವೇ. ಬಿಪಿ ಇನ್ನೂ ಏರಬಹುದು. ಇಲ್ಲೇ ಕೂರಿಸಿ ನಾನು ಹೇಳಲಾ ಅಂದ್ರೆ ಹೇಳ್ತೀನಿ. ಯಾವುದು ಸರಿ ಅಂತ ಖಚಿತವಾಗಿ ನನಗೂ ಗೊತ್ತಿಲ್ಲ. ಆದರೆ ಈ ನಿದ್ದೆ ಇಲ್ಲದ ಕಾಯುವಿಕೆ ಮಾತ್ರ ಮುಂದುವರೀಬಾರದು."

"ಬೇಡ. ನಾನೇ ಹೇಳ್ತೀನಿ," ಅಂದೆ. ಅತ್ತೆಯ ಬಾವಿಯ ಕತೆ ಕಿವಿಯಲ್ಲೇ ಇತ್ತು. ಆ ಸಾಯಂಕಾಲ ಏನಾದರೂ ಆಗಿಬಿಟ್ಟರೆ ನಾನು ಆ ಮನೆಗೆ ಕಾಲಿಡುವ ಹಾಗೇ ಇರಲಿಲ್ಲ.

ಆಸ್ಪತ್ರೆಯ ಎದುರು ಚಹಾದ ಅಂಗಡಿಯ ಬೆಂಚಿನ ಮೇಲೆ ಕೂತೆವು. ಬಾಳೆಹಣ್ಣಿನ ಬಜ್ಜಿ ತೆಗೆದುಕೊಂಡೆ, ಅವಳಿಗೆ ಇಷ್ಟ ಅಂತ. ಜನ ಓಡಾಡುವ ಜಾಗ, ಏನಾದರೂ ಆದರೆ ಡಾಕ್ಟರು ಹತ್ತಿರದಲ್ಲೇ ಇದ್ದಾರೆ ಅಂತ ಲೆಕ್ಕ ಹಾಕಿದ್ದೆ. ಹೇಗೆ ಶುರು ಮಾಡಲಿ ಅಂತ ಬಜ್ಜಿ ಮುರಿಯುತ್ತ ಕೂತಿದ್ದಾಗ ಅವಳೇ ಅಂದಳು:

"ಅಕ್ಕಾ, ಅವರ ಕಾಲಿಗೆ ಗಾಯ ಆಗಿರ್ಲಿಲ್ಲ."

"ಗೊತ್ತು."

"ಹಾಗಾದ್ರೆ ಹೇಳಿ."

ಹೇಳಿದೆ. ಮುಚ್ಚುಮರೆ ಮಾಡಲಿಲ್ಲ. ಜೆಲಸ್ಟಿನ್ ಹೇಳಿದ್ದನ್ನು ಅವನು ಹೇಳಿದ ಹಾಗೆಯೇ ಹೇಳಿದೆ. ಅವಳು ಎರಡೂ ಕೈಯಿಂದ ಬೆಂಚು ಹಿಡಿದುಕೊಂಡಿದ್ದಳು. ನಾನು ಅವಳ ಮುಖ ನೋಡುವುದನ್ನು ಬಿಟ್ಟು ಹೊಟ್ಟೆಯನ್ನೇ ನೋಡುತ್ತಿದ್ದೆ. ಹೊಟ್ಟೆ ಬಿಗಿಯುತ್ತದೋ, ಸೀರೆ ಒದ್ದೆಯಾಗುತ್ತದೋ ಅಂತ.

"ಒಬ್ಬರೇ ಇರ್ಲಿಲ್ವಲ್ಲ. ಜೆಲಸ್ಟಿನ್ ಜೊತೇಲಿದ್ದ," ಅಂದಳು.

"ಇದ್ದ."

ಆಮೇಲೆ ಅತ್ತಳು. ಬಾಯಿ ತೆರೆದು, ಬೀದಿಯಲ್ಲೇ, ಚಹಾದವನು ಸೌಟು ಹಿಡಿದು ನಿಂತುಬಿಡುವ ಹಾಗೆ ಅತ್ತಳು. ನಾನು ತಬ್ಬಿಕೊಂಡು ನಾನೂ ಅತ್ತೆ. ಡಾಕ್ಟರು ಮತ್ತೆ ನೋಡಿ ಸಂಜೆಯವರೆಗೆ ಇರಿಸಿಕೊಂಡು ಕಳಿಸಿದರು. ಬಸ್ಸಿನಲ್ಲಿ ನನ್ನ ಹೆಗಲಿಗೆ ಒರಗಿ ಎಂಥ ನಿದ್ದೆ ಹೋದಳೆಂದರೆ, ಎಬ್ಬಿಸುವ ಮನಸ್ಸಾಗದೆ ನಮ್ಮ ನಿಲ್ದಾಣ ದಾಟಿ ಹೋಗಿ ಇನ್ನೊಂದು ಬಸ್ಸಿನಲ್ಲಿ ತಿರುಗಿ ಬಂದೆವು.

ಅತ್ತೆಗೆ ವಿಷಯ ತಿಳಿದಾಗ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಹೇಳಿದ್ದಾಯ್ತಲ್ಲ? ಇನ್ನು ಹೆರೋವರೆಗೂ ಈ ಮನೇಲಿ ಯಾರೂ ಅಳೋ ಹಾಗಿಲ್ಲ. ಪೂಜೆ, ಗಂಟೆ, ಯಾವುದೂ ಬೇಡ," ಅಂದರು ಅಷ್ಟೇ. ನನ್ನ ಜೊತೆ ಮಾತು ಬಿಟ್ಟರು.

ಫೆಬ್ರವರಿಯಲ್ಲಿ, ದಿನ ತುಂಬುವ ಮೊದಲೇ ಹೆಣ್ಣು ಮಗು ಹುಟ್ಟಿತು. ಒಂದು ಅಂಗೈಯಲ್ಲಿ ಹಿಡಿಯಬಹುದಾದಷ್ಟು. ಗಾಜಿನ ಪೆಟ್ಟಿಗೆಯಲ್ಲಿಟ್ಟು ಆಮೇಲೆ ಕೊಟ್ಟರು. ಆನ್ಸಿ ಅಂತ ಹೆಸರಿಟ್ಟೆವು. ಇನ್ನಾದರೂ ಕ್ಲೀಟಸನಿಗೆ ಬಲಿಪೂಜೆ ಮಾಡಿಸೋಣ ಅಂತ ಶೈನಿ ಕೇಳಿದಳು. "ಹಾಲು ಬತ್ತಿಹೋಗುತ್ತೆ. ಕೂಸು ಹಾಲು ಬಿಡ್ಲಿ, ಆಮೇಲೆ," ಅಂದರು ಅತ್ತೆ.

ಹಾಗೆ ಆ ಮನೆ ಉಸಿರು ಬಿಗಿಹಿಡಿದುಕೊಂಡೇ ಇತ್ತು. ಕ್ಲೀಟಸನ ಹೆಸರು ಯಾರಾದರೂ ಎತ್ತಿದರೆ ಅತ್ತೆ ಕಣ್ಣಲ್ಲೇ ಗದರುತ್ತಿದ್ದರು. ಮಗುವನ್ನು ಕಾಲ ಮೇಲೆ ಹಾಕಿಕೊಂಡು ಹಲ್ಲು ಕಾಣುವಂತೆ ನಗುತ್ತಿದ್ದರು, ಕಣ್ಣು ಮಾತ್ರ ಕಲ್ಲು. ಎಡ್ವಿನ್ ಶೈನಿ ಇದ್ದ ಕಡೆ ಮಾತಾಡುವುದನ್ನೇ ಬಿಟ್ಟಿದ್ದ. ತನ್ನ ದನಿ ಕೇಳಿದರೆ ಶೈನಿ ಬೆಚ್ಚುತ್ತಾಳೆ ಅಂತ ಅವನ ಹೆದರಿಕೆ. ಮಗುವೂ ಸದ್ದಾದರೆ ಬೆಚ್ಚಿ ಬೀಳುತ್ತಿತ್ತು. ಒಂದು ಜ್ವರ ಬಿಟ್ಟರೆ ಇನ್ನೊಂದು, ಕಿವಿ ಸೋರಿದರೆ ಆಮೇಲೆ ಕೆಮ್ಮು. ಪಕ್ಕದ ಮನೆಯ ಮಕ್ಕಳಿಗೆ ಬರೀ ನೆಗಡಿಯಾಗಿ ಹೋದದ್ದು ನಮ್ಮ ಆನ್ಸಿಯ ಎದೆಗೆ ಇಳಿಯುತ್ತಿತ್ತು.

ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಅವಳ ಪಕ್ಕೆಲುಬು ಉಸಿರಿಗೊಮ್ಮೆ ಒಳಗೆ ಸೇದಿಕೊಳ್ಳುತ್ತಿತ್ತು. ತುಟಿ ನೀಲಿಗೆ ತಿರುಗಿತ್ತು. ಆಟೋದಲ್ಲಿ ಹಾರಿಕೊಂಡು ಹೋದೆವು. ನ್ಯುಮೋನಿಯ. ಮೂಗಿಗೆ ಆಮ್ಲಜನಕದ ಕೊಳವೆ ಹಾಕಿ, ಕೈಗೆ ಸೂಜಿ ಕಟ್ಟಿ ಒಳಗೆ ಮಲಗಿಸಿದರು. ಎರಡು ದಿನ ಮಗು ಕಣ್ಣು ಸರಿಯಾಗಿ ಬಿಡಲಿಲ್ಲ. ಶೈನಿ ವಾರ್ಡಿನ ಬಾಗಿಲು ಬಿಟ್ಟು ಕದಲಲಿಲ್ಲ.

ಎರಡನೆಯ ದಿನ ಮಧ್ಯಾಹ್ನ, ಹೊರಗಿನ ಬೆಂಚಿನಲ್ಲಿ ಅತ್ತೆ ನನ್ನ ಕಡೆ ತಿರುಗಿದರು. ತಿಂಗಳುಗಳ ಮೇಲೆ ಮೊದಲ ಮಾತು.

"ತಣ್ಣಗಾಯ್ತಾ ನಿನಗೆ? ಆ ಬಾಯಿ ಬಿಟ್ಟ ದಿನಾನೇ ಕೂಸಿಗೆ ವಿಷ ಇಳೀತು. ಹೊಟ್ಟೇಲಿರೋವಾಗ್ಲೇ ಸಾವು ಕೇಳಿಸ್ಕೊಂಡ ಕೂಸು ಹೇಗೆ ಬದುಕುತ್ತೆ ಹೇಳು!"

ಸಂತೆಯಲ್ಲಿ ಹತ್ತು ಜನರಿಗೆ ಉತ್ತರ ಕೊಡುವವಳು ನಾನು. ಆದರೆ ಅದೇ ಮಾತನ್ನು ನಾನೇ ನನಗೆ ಎಷ್ಟು ಸಲ ಹೇಳಿಕೊಂಡಿದ್ದೆನೋ ದೇವರಿಗೇ ಗೊತ್ತು. ಶೈನಿ ಬಾಗಿಲ ಹತ್ತಿರ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಅವಳೂ ಹೌದು ಅಂದುಬಿಟ್ಟರೆ ಏನು ಮಾಡಲಿ ಅಂತ ನೆಲ ನೋಡುತ್ತ ಕೂತೆ.

ಅಷ್ಟರಲ್ಲಿ ಮಕ್ಕಳ ಡಾಕ್ಟರು ಹೊರಗೆ ಬಂದರು. "ಉಸಿರು ಸ್ವಲ್ಪ ನಿಧಾನಕ್ಕೆ ಬಂದಿದೆ. ಹಾಲು ಹುಡುಕ್ತಿದೆ, ಒಳ್ಳೇ ಲಕ್ಷಣ. ಒಳಗೆ ಬಂದು ಕುಡಿಸಿ ನೋಡಮ್ಮ," ಅಂದರು.

ಶೈನಿ ಒಳಗೆ ಹೋಗಲಿಲ್ಲ. "ಸಾರ್, ಒಂದು ಕೇಳ್ತೀನಿ. ಇವಳು ಹೊಟ್ಟೇಲಿದ್ದಾಗ ಇವಳಪ್ಪ ಹೋದ್ರು. ಅದಕ್ಕೇ ಹೀಗಾಯ್ತಾ? ನಾನು ಅತ್ತಿದ್ದಕ್ಕಾ?"

ಡಾಕ್ಟರು ಬಾಗಿಲು ಅರ್ಧ ಎಳೆದುಕೊಂಡು ಅವಳ ಕಡೆ ತಿರುಗಿದರು.

"ನೀವು ಅತ್ತ ಆ ಒಂದು ದಿನದಿಂದ ಅಂತ ಯಾರೂ ಹೇಳೋಕಾಗಲ್ಲಮ್ಮ. ಬೇಗ ಹುಟ್ಟಿದ ಮಗು, ತೂಕ ಕಮ್ಮಿ. ಆ ತಿಂಗಳುಗಳು ನಿಮಗೆ ಕಷ್ಟದವು, ಅದೂ ಸೇರಿರಬಹುದು. ಆಗಿದ್ದು ಆಯ್ತು. ಇವಳ ಮೈ ಇನ್ನೂ ಕಲೀತಾ ಇದೆ. ಲಸಿಕೆ ತಪ್ಪಿಸಬೇಡಿ, ಒಲೆ ಹೊಗೆ ಹತ್ರ ಬಿಡಬೇಡಿ, ಎದೆಹಾಲು ಕೊಡಿ. ಮನೇಲಿ ಮಗುವಿನ ಸುತ್ತ ಸ್ವಲ್ಪ ನೆಮ್ಮದಿ ಇರ್ಲಿ."

ಅವರು ಹೋದ ಮೇಲೆ ಶೈನಿ ಅತ್ತೆಯ ಮುಂದೆ ಬಂದು ನೆಲದ ಮೇಲೆ ಕೂತಳು. ಅವರ ಮೊಣಕಾಲಿನ ಮೇಲೆ ಕೈಯಿಟ್ಟಳು.

"ಅತ್ತೆ, ಅಕ್ಕ ಹೇಳಿದ್ದಕ್ಕೆ ನನಗೆ ದುಃಖ ಆಯ್ತು. ಹೆದರಿಕೆ ಆಗ್ಲಿಲ್ಲ. ಹೆದರಿಕೆ ಆಗಿದ್ದು ನಿಮ್ಮನ್ನ ನೋಡಿ."

"ನನ್ನನ್ನ?"

"ಮಗನ್ನ ಕಳ್ಕೊಂಡೋರು ನಗ್ತಾ ಮೀನು ಬಡಿಸ್ತಿದ್ರಿ. ಆ ನಗು ನೋಡಿದಾಗೆಲ್ಲ ನನ್ನ ಹೊಟ್ಟೆ ಗಟ್ಟಿಯಾಗ್ತಿತ್ತು. ಈಗ ಈ ಕೂಸು ದಿನವಿಡೀ ಅದೇ ಮುಖ ನೋಡ್ತಿದೆ. ನನ್ನ ಹಾಲು ಬತ್ತಲ್ಲ ಅತ್ತೆ. ನೀವು ಅತ್ತುಬಿಡಿ."

"ಏಳು, ಕೂಸಿಗೆ ಹಸಿವು," ಅಂದರು ಅತ್ತೆ.

"ಹೋಗ್ತೀನಿ. ನೀವು ಅಳಿ."

ಅವಳು ಎದ್ದು ಒಳಗೆ ಹೋದಳು. ಬಾಗಿಲು ಅರೆತೆರೆದೇ ಇತ್ತು. ಕೊಳವೆ ಸರಿಸಿ ಮಗುವನ್ನು ಎದೆಗೆ ಹಚ್ಚಿಕೊಂಡದ್ದು ನಮಗೆ ಕಾಣುತ್ತಿತ್ತು. ಮಗು ಎರಡು ಸಲ ಬಾಯಿ ಬಿಟ್ಟು, ಉಸಿರು ತೆಗೆದುಕೊಂಡು, ಮೂರನೆಯ ಸಲಕ್ಕೆ ಗಟ್ಟಿಯಾಗಿ ಹಿಡಿಯಿತು.

ನನ್ನ ಪಕ್ಕದಲ್ಲಿ ಅತ್ತೆ ಮೊದಲು ಸೆರಗನ್ನು ಬಾಯಿಗೆ ಒತ್ತಿದರು. ಆಮೇಲೆ ಅದು ಕೈಯಿಂದ ಜಾರಿತು. "ನನ್ನ ಕ್ಲೀಟಸಾ, ನನ್ನ ಮಗನೇ, ನಿನ್ನ ಕೈ ಹಿಡಿಯೋಕೆ ಯಾರೂ ಇರ್ಲಿಲ್ವಾ," ಅಂತ ಎದೆ ಬಡಿದುಕೊಂಡು ಕೂಗಿದರು. ಇಡೀ ವರಾಂಡ ತಿರುಗಿ ನೋಡಿತು. ನರ್ಸ್ ಓಡಿ ಬಂದು ಸುಮ್ಮನಿರಿ ಅಂದಳು. ನಾನು ಅವಳನ್ನು ತಡೆದು, ಬಿಡಮ್ಮ, ಮನೆಯಲ್ಲಿ ಸಾವಾಗಿದೆ ಅಂದೆ.

ಒಳಗೆ ಮಗು ಬೆಚ್ಚಲಿಲ್ಲ, ಕುಡಿಯುತ್ತಲೇ ಇತ್ತು. ಕ್ಲೀಟಸ್ ಕಡಲಲ್ಲಿ ಸತ್ತು ಒಂದು ವರ್ಷವಾಗುತ್ತ ಬಂದಿತ್ತು. ನಮ್ಮ ಮನೆಯಲ್ಲಿ ಅವನು ಸತ್ತದ್ದು ಆವತ್ತು.